ಹರವಿಯಿಂದ ಘಟಕದವರೆಗೆ: ನಮ್ಮ ಸೀಮೆಯ ನೀರು, ಕಾಣದ ಲೋಹ ಮತ್ತು ಇದ್ದಲಿಯ ಇತಿಹಾಸ



ನಮ್ಮ ಸಹಕಾರಿ ಸಂಘವು ಇಪ್ಪತ್ತೈದು ವರ್ಷಗಳನ್ನು ಪೂರೈಸಿ ಬೆಳ್ಳಿ ಹಬ್ಬ ಆಚರಿಸಿಕೊಳ್ಳುತ್ತಿರುವ ಈ ಶುಭ ಸಂದರ್ಭದಲ್ಲಿ, ಸ್ಮರಣ ಸಂಚಿಕೆಗೆ ನೀರಿನ ಬಗ್ಗೆ ಒಂದು ಲೇಖನ ಇರಲಿ ಎಂದು ಸಂಪಾದಕ ಮಂಡಳಿಯವರು ಅಪೇಕ್ಷೆಪಟ್ಟರು. ಸಾಲ, ಠೇವಣಿ, ಬೀಜ, ಗೊಬ್ಬರ ಇವುಗಳ ಲೆಕ್ಕ ಅಧ್ಯಕ್ಷರ ವರದಿಯಲ್ಲಿ ಬಂದೇ ಬರುತ್ತದೆ. ಆದರೆ ಸಾಲಗಾರನಿರಲಿ ಠೇವಣಿದಾರನಿರಲಿ, ಇಬ್ಬರೂ ಕುಡಿಯುವುದು ಒಂದೇ ನೀರು. ಆ ನೀರು ನಮ್ಮ ಹಿರಿಯರ ಕಾಲದಿಂದ ಇಲ್ಲಿಯವರೆಗೆ ಹೇಗೆ ಬಂತು, ಅದರೊಳಗೆ ಕಣ್ಣಿಗೆ ಕಾಣದ ವಿಷಲೋಹ ಸೇರಿದರೆ ಗತಿ ಏನು, ಅದನ್ನು ತೆಗೆಯಲಿಕ್ಕೆ ನಮ್ಮ ಒಲೆಯ ಇದ್ದಲಿಯ ವಂಶದ ವಸ್ತುವೇ ಹೇಗೆ ನೆರವಿಗೆ ಬಂತು ಎಂಬುದನ್ನು ಈ ಲೇಖನದಲ್ಲಿ ನಾವು ತಿಳಿದ ಮಟ್ಟಿಗೆ ಹೇಳುತ್ತೇವೆ.

ಮಲಪ್ರಭೆಯ ಮಕ್ಕಳು

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕೂ ಸೀಮೆಗಳನ್ನು ಒಂದು ದಾರದಲ್ಲಿ ಪೋಣಿಸಿದವಳು ಮಲಪ್ರಭೆ. ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟಿ, ಸುಮಾರು 304 ಕಿಲೋಮೀಟರ್ ಹರಿದು, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತಾಳೆ. ಮುನವಳ್ಳಿ ಹತ್ತಿರದ ನವಿಲುತೀರ್ಥದಲ್ಲಿ ಎರಡು ಗುಡ್ಡಗಳ ನಡುವಿನ ಇಕ್ಕಟ್ಟಿನಲ್ಲಿ ಅಣೆಕಟ್ಟು ಕಟ್ಟಿದ್ದು 1970ರ ದಶಕದಲ್ಲಿ ನೀರು ಹಿಡಿಯಿತು. ರೇಣುಕಾ ಸಾಗರವೆಂಬ ಹೆಸರು ಎಲ್ಲಮ್ಮನ ಗುಡ್ಡದ ತಾಯಿಯಿಂದ ಬಂದದ್ದು. ಇಂದು ಹುಬ್ಬಳ್ಳಿ-ಧಾರವಾಡದ ನಳಗಳಲ್ಲಿಯೂ ಈ ನೀರೇ ಹರಿಯುತ್ತದೆ.

ಹೊಳೆ ದಂಡೆಯ ಊರುಗಳಿಗೆ ಹೊಳೆ ನೀರು. ದಂಡೆಯಿಂದ ದೂರ ಇದ್ದವರಿಗೆ ಹಳ್ಳ, ಕೆರೆ, ಬಾವಿ. ಬೇಸಿಗೆಯಲ್ಲಿ ಹಳ್ಳ ಬತ್ತಿದಾಗ ಉಸುಕಿನಲ್ಲಿ ವರತಿ ತೋಡಿ, ಚರಿಗೆಯಿಂದ ಒಂದೊಂದೇ ಗುಟುಕು ತುಂಬಿಕೊಂಡು ಕೊಡ ತುಂಬಿಸಿದ ತಾಯಂದಿರು ನಮ್ಮ ಓಣಿಗಳಲ್ಲಿ ಇನ್ನೂ ಇದ್ದಾರೆ. ವರತಿಯ ನೀರು ಯಾಕೆ ತಿಳಿಯಾಗಿರುತ್ತಿತ್ತು? ಉಸುಕು ಅದನ್ನು ಸೋಸುತ್ತಿತ್ತು. ಬೈಲಹೊಂಗಲದ ಕಡೆಯ ಎರಿ ಹೊಲದ ಬಾವಿಗಳಲ್ಲಿ ಒಂದು ರುಚಿ, ಸವದತ್ತಿ ರಾಮದುರ್ಗದ ಕಡೆಯ ಕಲಾದಗಿ ಸರಣಿಯ ಮರಳುಗಲ್ಲಿನ ಸೆಲೆಯಲ್ಲಿ ಇನ್ನೊಂದು ರುಚಿ. ಇದು ಸಿಹಿ, ಇದು ಸವಳು, ಇದರಲ್ಲಿ ಬ್ಯಾಳಿ ಬೇಯುತ್ತದೆ, ಇದರಲ್ಲಿ ಬೇಯುವುದಿಲ್ಲ ಎಂದು ಹಿರಿಯರು ನಾಲಿಗೆಯಿಂದಲೇ ನೀರಿನ ಪರೀಕ್ಷೆ ಮಾಡುತ್ತಿದ್ದರು.

ಮನೆಯೊಳಗೂ ಶುದ್ಧಿಯ ಪದ್ಧತಿ ಇತ್ತು. ರಾಡಿ ನೀರಿಗೆ ಚಿಲ್ಲದ ಬೀಜ ತೇಯ್ದು ಹಾಕುವುದು, ನುಗ್ಗಿ ಬೀಜದ ಪುಡಿ ಕದಡುವುದು, ಕೊಡದ ಬಾಯಿಗೆ ಅರಿವೆ ಕಟ್ಟಿ ಸೋಸುವುದು, ಹರವಿಯಲ್ಲಿ ಒಂದು ರಾತ್ರಿ ನಿಲ್ಲಿಸಿ ಮೇಲಿನ ತಿಳಿ ಬಗ್ಗಿಸಿಕೊಳ್ಳುವುದು. ಒಂದರ ಮೇಲೊಂದು ಗಡಗಿ ಇಟ್ಟು, ಒಂದರಲ್ಲಿ ಇದ್ದಲಿ, ಇನ್ನೊಂದರಲ್ಲಿ ಉಸುಕು ತುಂಬಿ, ತಳಕ್ಕೆ ತೂತು ಮಾಡಿ ನೀರು ಇಳಿಸುವ ವಿಧಾನವನ್ನು ಸಾಲಿಯ ಪುಸ್ತಕದಲ್ಲಿ ಓದಿದವರು ನಮ್ಮಲ್ಲಿ ಬಹಳ ಮಂದಿ.

ಅರಿವೆಯಿಂದ ಗೆದ್ದ ಯುದ್ಧ

ಹಳೇ ಕಾಲದ ನೀರೆಲ್ಲ ಅಮೃತವಾಗಿತ್ತು ಎಂದು ಹೇಳುವುದು ಮಾತ್ರ ತಪ್ಪಾದೀತು. ನಾರುಹುಣ್ಣಿನ ಹೆಸರು ಕೇಳಿದರೆ ವಯಸ್ಸಾದವರು ಈಗಲೂ ಕಾಲು ಮುಟ್ಟಿ ನೋಡಿಕೊಳ್ಳುತ್ತಾರೆ. ಮೆಟ್ಟಿಲು ಬಾವಿಗೆ ಇಳಿದು ನೀರು ತರುವ ರೂಢಿಯಿದ್ದ ಊರುಗಳಲ್ಲಿ ಈ ರೋಗ ಹೆಚ್ಚು. ನೀರಿನಲ್ಲಿರುವ ಸಣ್ಣ ಹುಳದೊಳಗೆ ನಾರುಹುಳದ ಮರಿ ಇರುತ್ತಿತ್ತು. ಅದನ್ನು ಕುಡಿದವನ ಕಾಲಿನಿಂದ ಒಂದು ವರ್ಷದ ಸುಮಾರಿಗೆ ಮೊಳ ಎರಡು ಮೊಳ ಉದ್ದದ ದಾರದಂಥ ಹುಳ ಹೊರಬೀಳುತ್ತಿತ್ತು. ಆ ನೋವಿನಲ್ಲಿ ಬಿತ್ತಿಗೆಯ ಹಂಗಾಮೇ ಕಳೆದುಹೋಗುತ್ತಿತ್ತು. ಆ ಹುಣ್ಣಿನ ಕಾಲನ್ನು ಮತ್ತೆ ಬಾವಿಯಲ್ಲಿ ಇಟ್ಟರೆ ಊರಿಗೆಲ್ಲ ರೋಗ.

ಭಾರತ ಸರಕಾರ 1983-84ರಲ್ಲಿ ಇದರ ನಿರ್ಮೂಲನೆಗೆ ಕಾರ್ಯಕ್ರಮ ಆರಂಭಿಸಿದಾಗ ಕರ್ನಾಟಕವೂ ರೋಗಪೀಡಿತ ರಾಜ್ಯಗಳ ಪಟ್ಟಿಯಲ್ಲಿತ್ತು. ಔಷಧಿ ಇರಲಿಲ್ಲ, ಲಸಿಕೆ ಇರಲಿಲ್ಲ. ಇದ್ದದ್ದು ಮೂರೇ ಮಾತು: ನೀರನ್ನು ಒತ್ತಾದ ಅರಿವೆಯಲ್ಲಿ ಸೋಸಿರಿ, ಮೆಟ್ಟಿಲು ಬಾವಿಯನ್ನು ಸೇದುವ ಬಾವಿಯಾಗಿ ಮಾಡಿರಿ, ಹುಣ್ಣು ಇದ್ದವರು ನೀರಿಗೆ ಇಳಿಯಬೇಡಿರಿ. ಊರ ಜನ ಕೇಳಿದರು. 1996ರ ಜುಲೈನಲ್ಲಿ ದೇಶದ ಕೊನೆಯ ರೋಗಿ ವರದಿಯಾದ. 2000ರಲ್ಲಿ ಭಾರತ ನಾರುಹುಣ್ಣುಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಪ್ರಮಾಣ ಪತ್ರ ಕೊಟ್ಟಿತು. ಒಂದು ತುಂಡು ಅರಿವೆ ಮತ್ತು ಊರಿನ ಒಗ್ಗಟ್ಟು ಇಷ್ಟು ದೊಡ್ಡ ಕೆಲಸ ಮಾಡಿತು ಎಂಬುದನ್ನು ಸಹಕಾರಿಗಳಾದ ನಾವು ಮರೆಯಬಾರದು.

ಬೋರಿನ ಕಾಲ

1972ರ ಬರಗಾಲ ನಮ್ಮ ಭಾಗದ ನೀರಿನ ಇತಿಹಾಸದಲ್ಲಿ ಒಂದು ಗಡಿಕಲ್ಲು. ಬಾವಿಗಳು ತಳ ಕಂಡವು. ಅಲ್ಲಿಂದ ಮುಂದೆ ಬೋರು ಕೊರೆಯುವ ಯಂತ್ರ ಊರೂರಿಗೆ ಬಂತು. ಸೊಲ್ಲಾಪುರದ ಕಡೆ ರೂಪುಗೊಂಡಿದ್ದ ಕೈಪಂಪಿನ ಮಾದರಿಯನ್ನೇ ಸುಧಾರಿಸಿ, ಯುನಿಸೆಫ್ ನೆರವಿನಿಂದ 1970ರ ದಶಕದ ಕೊನೆಗೆ 'ಇಂಡಿಯಾ ಮಾರ್ಕ್-2' ಎಂಬ ಗಟ್ಟಿ ಪಂಪು ತಯಾರಾಯಿತು. ಅದರ ಕಟಕಟ ಸಪ್ಪಳ ಕೇಳದೆ ಬೆಳೆದವರು ನಮ್ಮಲ್ಲಿ ಕಡಿಮೆ. ಆಮೇಲೆ ಮಿನಿ ಟ್ಯಾಂಕು, ಆಮೇಲೆ ನಳ, 2019ರಲ್ಲಿ ಆರಂಭವಾದ ಜಲಜೀವನ ಮಿಷನ್ನಿನಿಂದ ಮನೆಮನೆಗೆ ನಲ್ಲಿ.

ಬೋರಿನ ನೀರು ಸೂಕ್ಷ್ಮಜೀವಿಗಳ ಲೆಕ್ಕದಲ್ಲಿ ತೆರೆದ ಬಾವಿಗಿಂತ ಚೊಕ್ಕ. ಕಾಲರಾ, ನಾರುಹುಣ್ಣು ಕಡಿಮೆಯಾಗಲಿಕ್ಕೆ ಅದೂ ಒಂದು ಕಾರಣ. ಆದರೆ ನೀರು ಎಷ್ಟು ಆಳದಿಂದ ಬರುತ್ತದೋ ಅಷ್ಟು ಹೆಚ್ಚು ಕಾಲ ಕಲ್ಲಿನೊಂದಿಗೆ ಸಂಸಾರ ಮಾಡಿರುತ್ತದೆ. ಕಲ್ಲಿನಲ್ಲಿ ಏನಿದೆಯೋ ಅದು ನೀರಿಗೂ ಸ್ವಲ್ಪ ಇಳಿಯುತ್ತದೆ. ಸುಣ್ಣ ಇಳಿದರೆ ಗಡಸು ನೀರು, ಫ್ಲೋರೈಡ್ ಇಳಿದರೆ ಹಲ್ಲಿಗೆ ಕಂದು ಕಲೆ, ಎಲುಬಿಗೆ ಬಾಗು. ಹೊಲಕ್ಕೆ ಅತಿಯಾಗಿ ಹಾಕಿದ ಯೂರಿಯಾ ನೈಟ್ರೇಟಾಗಿ ಬಾವಿಗೆ ಇಳಿಯುತ್ತದೆ. ಇವು ಬಯಲುಸೀಮೆಯವರಿಗೆ ಪರಿಚಯದ ಶತ್ರುಗಳು. ಲೋಹಗಳದು ಬೇರೆ ಕಥೆ. ಸೀಸ, ಪಾದರಸ, ಕ್ಯಾಡ್ಮಿಯಂ, ಕ್ರೋಮಿಯಂ, ಮತ್ತು ಲೋಹದ ಸಾಲಿನಲ್ಲೇ ಎಣಿಸುವ ಆರ್ಸೆನಿಕ್, ಅಂದರೆ ನಮ್ಮ ಹಳೇ ವೈದ್ಯರು ಪಾಷಾಣ ಎನ್ನುತ್ತಿದ್ದುದು, ಇವು ನೀರಿನಲ್ಲಿ ಕರಗಿದರೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯೂ ಇಲ್ಲ. ಹಿರಿಯರ ನಾಲಿಗೆಯ ಪರೀಕ್ಷೆ ಇಲ್ಲಿ ಸೋಲುತ್ತದೆ.

ಕಿರದಳ್ಳಿ ತಾಂಡಾದ ಪಾಠ

"ಇದೆಲ್ಲ ದೂರದ ದೇಶದ ಮಾತು, ನಮಗ್ಯಾಕ?" ಎಂದು ಕೇಳುವವರು ಇದ್ದಾರೆ. ಜಪಾನಿನ ಮಿನಮಾಟಾ ಎಂಬಲ್ಲಿ ಕಾರಖಾನೆಯ ಪಾದರಸ ಸಮುದ್ರ ಸೇರಿ, ಮೀನಿನ ಮೂಲಕ ಜನರ ನರಗಳನ್ನೇ ತಿಂದದ್ದು 1956ರಲ್ಲಿ ಬೆಳಕಿಗೆ ಬಂತು. ಅದು ದೂರದ ಮಾತು, ಒಪ್ಪೋಣ. ಆದರೆ ಯಾದಗಿರಿ ಜಿಲ್ಲೆಯ ಸುರಪುರ ಸೀಮೆಯ ಕಿರದಳ್ಳಿ ತಾಂಡಾ ನಮ್ಮ ಕರ್ನಾಟಕದ್ದೇ, ನಮ್ಮ ಹಾಗೆಯೇ ಬೋರಿನ ನೀರು ಕುಡಿದ ಬಡ ಜನರ ವಸತಿ.

ಅದರ ಹತ್ತಿರ ಮಂಗಳೂರು ಎಂಬ ಹೆಸರಿನ ಹಳ್ಳಿಯಲ್ಲಿ (ಕರಾವಳಿಯ ಮಂಗಳೂರು ಅಲ್ಲ) ಹಿಂದೆ ಬಂಗಾರದ ಗಣಿ ಇತ್ತು. ಬಂಗಾರ ಇರುವ ಕಲ್ಲಿನಲ್ಲಿ ಆರ್ಸೆನಿಕ್ ಕೂಡ ಜೊತೆಗಾರನಾಗಿ ಇರುವುದುಂಟು. ತಾಂಡಾದ ಜನರ ಅಂಗೈ ಅಂಗಾಲು ಒರಟಾದವು, ಮೈಮೇಲೆ ಕಪ್ಪು ಬಿಳಿ ಮಚ್ಚೆ ಎದ್ದವು. 2013ರಲ್ಲಿ ಪ್ರಕಟವಾದ ವಿಜ್ಞಾನಿಗಳ ಅಧ್ಯಯನದ ಪ್ರಕಾರ ಆ ಭಾಗದ 59 ಕೊಳವೆ ಬಾವಿಗಳ ನೀರಿನಲ್ಲಿ 79 ಪ್ರತಿಶತ ಬಾವಿಗಳಲ್ಲಿ ಆರ್ಸೆನಿಕ್ ಪ್ರಮಾಣ ಲೀಟರಿಗೆ 10 ಮೈಕ್ರೋಗ್ರಾಂ ಎಂಬ ಮಿತಿಯನ್ನು ಮೀರಿತ್ತು. ಅತಿ ಹೆಚ್ಚು ಕಂಡದ್ದು 303 ಮೈಕ್ರೋಗ್ರಾಂ, ಎಂದರೆ ಮಿತಿಯ ಮೂವತ್ತು ಪಟ್ಟು. ತಪಾಸಣೆ ಮಾಡಿದ 181 ಜನರಲ್ಲಿ 58.6 ಪ್ರತಿಶತ ಮಂದಿಗೆ ಆರ್ಸೆನಿಕ್ಕಿನ ಚರ್ಮದ ಗಾಯಗಳಿದ್ದವು. ಪರೀಕ್ಷಿಸಿದ ಎಲ್ಲ ಕೂದಲು, ಉಗುರುಗಳಲ್ಲಿಯೂ ಅದು ಸೇರಿಕೊಂಡಿತ್ತು.

ಆ ನೀರು ಕಣ್ಣಿಗೆ ಹೇಗಿತ್ತು? ತಿಳಿಯಾಗಿಯೇ ಇತ್ತು. ಜನ ಅದನ್ನೇ ಕುಡಿದರು, ಅದರಲ್ಲೇ ಅಡಿಗೆ ಮಾಡಿದರು. ಕುದಿಸಿದರೆ ಸೂಕ್ಷ್ಮಜೀವಿ ಸಾಯುತ್ತವೆ, ಲೋಹ ಸಾಯುವುದಿಲ್ಲ. ಕುದಿಸಿ ಕುದಿಸಿ ನೀರು ಕಡಿಮೆಯಾದಂತೆ ಅದರ ಪ್ರಮಾಣ ಏರುತ್ತದೆ. ಇದನ್ನು ಪ್ರತಿಯೊಬ್ಬ ತಾಯಿಯೂ ತಿಳಿದಿರಬೇಕು.

ಲೋಹ ನಮ್ಮ ನೀರಿಗೆ ಬರುವ ದಾರಿಗಳು

ಗಣಿ ಇಲ್ಲದ ಊರಿಗೂ ಲೋಹ ಬರುವ ಬಾಗಿಲುಗಳು ಇವೆ. ಅವು ನಮ್ಮ ಮನೆಯಲ್ಲಿಯೇ, ಓಣಿಯಲ್ಲಿಯೇ ಇವೆ.

ಮೊದಲನೆಯದು ಕಲಾಯಿ. ತಾಮ್ರ ಹಿತ್ತಾಳೆಯ ಪಾತ್ರೆಗೆ ಶುದ್ಧ ತವರದ ಕಲಾಯಿ ಹಾಕಿದರೆ ಅದು ರಕ್ಷಣೆ. ತವರ ತುಟ್ಟಿ, ಸೀಸ ಅಗ್ಗ. ಸೀಸ ಬೆರೆಸಿದ ಕಲಾಯಿಯ ಪಾತ್ರೆಯಲ್ಲಿ ಹುಣಸಿಹಣ್ಣಿನ ಸಾರು, ಮಜ್ಜಿಗೆ ಇಟ್ಟರೆ ಹುಳಿ ಸೀಸವನ್ನು ಎಳೆದು ತರುತ್ತದೆ.

ಎರಡನೆಯದು ಬ್ಯಾಟರಿ. ಟ್ರ್ಯಾಕ್ಟರು, ಮೋಟಾರು, ಇನ್ವರ್ಟರುಗಳ ಹಳೇ ಬ್ಯಾಟರಿಯಲ್ಲಿ ಸೀಸದ ಫಲಕ ಮತ್ತು ಗಂಧಕಾಮ್ಲ ಇರುತ್ತವೆ. ಅದನ್ನು ಬಾವಿ ದಂಡೆಯಲ್ಲಿ, ಹಳ್ಳದ ಬದಿಯಲ್ಲಿ ಒಡೆದರೆ ಆ ಮಣ್ಣು ಮಕ್ಕಳಾಡುವ ಮಣ್ಣಾಗಿ ಉಳಿಯುವುದಿಲ್ಲ. ಸೀಸ ಎಲ್ಲರಿಗೂ ವಿಷವೇ, ಆದರೆ ಬೆಳೆಯುವ ಮಗುವಿನ ಮೆದುಳಿಗೆ ಹೆಚ್ಚು. ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯಲ್ಲಿ ಸೀಸದ ವಿಷದ ಬಗ್ಗೆ ರಾಷ್ಟ್ರೀಯ ಕೇಂದ್ರವನ್ನು ಕಟ್ಟಿ ಡಾ. ತುಪ್ಪಿಲ್ ವೆಂಕಟೇಶ್ ಅವರು ಈ ವಿಷಯವನ್ನು ದೇಶದ ಮುಂದಿಟ್ಟವರು. ಸೀಸ ಬೆರೆಸಿದ ಪೆಟ್ರೋಲು ನಮ್ಮ ದೇಶದಲ್ಲಿ ನಿಂತದ್ದು 2000ರಲ್ಲಿ.

ಮೂರನೆಯದು ಬಣ್ಣ. ಗಣಪ್ಪನನ್ನು ಭಕ್ತಿಯಿಂದ ಕೂಡಿಸುತ್ತೇವೆ, ಭಕ್ತಿಯಿಂದ ಬಾವಿಗೆ ಕಳಿಸುತ್ತೇವೆ. ಥಳಥಳಿಸುವ ಬಣ್ಣಗಳಲ್ಲಿ ಸೀಸ, ಕ್ರೋಮಿಯಂ ಇದ್ದರೆ ಅವೂ ಬಾವಿಯಲ್ಲೇ ಉಳಿಯುತ್ತವೆ. ಮನೆಗೆ ಹಚ್ಚುವ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದೆಂಬ ಕಾನೂನು 2017ರ ನವೆಂಬರಿನಿಂದ ಜಾರಿಗೆ ಬಂತು. ಪಿಒಪಿ ಮೂರ್ತಿಗಳಿಗೆ ನಮ್ಮ ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಳಿ 2016ರಲ್ಲಿ ನಿಷೇಧ ಹಾಕಿತು. ನಮ್ಮ ಹಿರಿಯರು ಕೂಡಿಸುತ್ತಿದ್ದುದು ಎರಿ ಮಣ್ಣಿನ ಗಣಪ್ಪನನ್ನೇ ಅಲ್ಲವೇ? ಆ ಪದ್ಧತಿಗೆ ತಿರುಗಿ ಹೋದರೆ ಧರ್ಮಕ್ಕೂ ಕುಂದಿಲ್ಲ, ಬಾವಿಗೂ ಕುಂದಿಲ್ಲ.

ಇಷ್ಟು ಸೂಕ್ಷ್ಮ ಯಾಕೆ ಎಂದರೆ, ಭಾರತೀಯ ಮಾನಕದಂತೆ ಕುಡಿಯುವ ನೀರಿನಲ್ಲಿ ಸೀಸ ಲೀಟರಿಗೆ 0.01 ಮಿಲಿಗ್ರಾಂ ಮೀರಬಾರದು. ಕ್ಯಾಡ್ಮಿಯಂ 0.003, ಪಾದರಸ 0.001 ಮಿಲಿಗ್ರಾಂ. ಸಣ್ಣ ಸಾಸಿವೆ ಕಾಳೊಂದು ಎರಡು ಮಿಲಿಗ್ರಾಂ ತೂಗುತ್ತದೆಂದು ಹಿಡಿಯಿರಿ. ಅಷ್ಟೇ ಅಷ್ಟು ಸೀಸ 200 ಲೀಟರಿನ ಒಂದು ಬ್ಯಾರಲ್ ನೀರಿನಲ್ಲಿ ಕರಗಿದರೆ ಮಿತಿ ಮುಟ್ಟಿದಂತೆಯೇ.

ಇದ್ದಲಿಯ ಕಥೆ

ಇಂಥ ಕಾಣದ ವೈರಿಯನ್ನು ಹಿಡಿಯುವುದು ಹೇಗೆ? ಅರಿವೆಗೆ ಸಿಗುವುದಿಲ್ಲ, ಉಸುಕಿಗೆ ನಿಲ್ಲುವುದಿಲ್ಲ. ಇಲ್ಲಿ ಇದ್ದಲಿ ಮುಂದೆ ಬರುತ್ತದೆ.

1773ರಲ್ಲಿ ಸ್ವೀಡನ್ನಿನ ರಸಾಯನಜ್ಞ ಶೀಲೆ ಇದ್ದಲಿಯು ಅನಿಲಗಳನ್ನು ಹಿಡಿದಿಟ್ಟುಕೊಳ್ಳುವುದನ್ನು ಕಂಡ. 1785ರಲ್ಲಿ ರಶಿಯಾದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಔಷಧಿಶಾಲೆಯ ಲೋವಿಟ್ಸ್ ಎಂಬಾತ, ಕಂದು ಬಣ್ಣದ ದ್ರಾವಣಕ್ಕೆ ಇದ್ದಲಿ ಬಿದ್ದಾಗ ಅದು ತಿಳಿಯಾದದ್ದನ್ನು ಗಮನಿಸಿದ. ಹಡಗಿನ ಪೀಪಾಯಿಗಳಲ್ಲಿ ನಾರುವ ನೀರನ್ನು ಇದ್ದಲಿಯಿಂದ ಸರಿಪಡಿಸಬಹುದೆಂದು ತೋರಿಸಿದವನೂ ಅವನೇ. ಆಮೇಲೆ ಸಕ್ಕರೆಯವರು ಇದನ್ನು ಹಿಡಿದರು. ಕಬ್ಬಿನ ರಸದ ಬಣ್ಣ ತೆಗೆಯಲು ಮೊದಲು ಕಟ್ಟಿಗೆ ಇದ್ದಲಿ, 1811ರಿಂದೀಚೆಗೆ ಎಲುಬಿನ ಇದ್ದಲಿ ಯುರೋಪಿನ ಸಕ್ಕರೆ ಕಾರಖಾನೆಗಳಲ್ಲಿ ಬಳಕೆಗೆ ಬಂತು.

1900ರ ಸುಮಾರಿಗೆ ಓಸ್ಟ್ರೆಜ್ಕೊ ಎಂಬ ಸಂಶೋಧಕ, ಕೆಂಪಗೆ ಕಾಯ್ದ ಇದ್ದಲಿಯ ಮೇಲೆ ಉಗಿ ಹಾಯಿಸಿ ಅದರ ಶಕ್ತಿಯನ್ನು ಬಹುಪಟ್ಟು ಹೆಚ್ಚಿಸುವ ವಿಧಾನಕ್ಕೆ ಹಕ್ಕುಪತ್ರ ಪಡೆದ. ಇದೇ ಇಂದಿನ 'ಆಕ್ಟಿವೇಟೆಡ್ ಕಾರ್ಬನ್', ಕನ್ನಡದಲ್ಲಿ ಪಟುಗೊಳಿಸಿದ ಇದ್ದಲಿ. 1915ರಲ್ಲಿ ಮೊದಲ ಮಹಾಯುದ್ಧದಲ್ಲಿ ಕ್ಲೋರಿನ್ ಅನಿಲ ಬಿಟ್ಟಾಗ ಸೈನಿಕರ ಮುಖವಾಡದೊಳಗೆ ಇದನ್ನೇ ತುಂಬಿದರು. ಅಮೆರಿಕದಲ್ಲಿ ತೆಂಗಿನ ಚಿಪ್ಪು, ಪೀಚ್ ಹಣ್ಣಿನ ಗೊರಟೆಗಳನ್ನು ಮನೆಮನೆಯಿಂದ ಕೂಡಿಸಿ ಇದಕ್ಕಾಗಿ ಸುಟ್ಟರು. ಯುದ್ಧ ಮುಗಿದ ಮೇಲೆ ಅದು ಊರ ನೀರಿನ ಟಾಕಿಗೆ ಬಂತು. ಇಂದು ತೆಂಗಿನ ಚಿಪ್ಪಿನ ಇಂಥ ಇದ್ದಲಿಯನ್ನು ನಮ್ಮ ದೇಶ ಹೊರದೇಶಗಳಿಗೆ ಕಳಿಸುತ್ತದೆ.

ಇದು ಕೆಲಸ ಮಾಡುವ ರೀತಿ ತಿಳಿಯುವುದು ಕಷ್ಟವೇನಲ್ಲ. ಅರಿವೆ ನೀರು ಕುಡಿದಂತೆ ಇದ್ದಲಿ ವಿಷವನ್ನು ಕುಡಿಯುವುದಿಲ್ಲ. ಬೆಲ್ಲದ ಪೆಂಟೆಗೆ ಇರುವೆ ಮುತ್ತಿದಂತೆ ಅದರ ಮೈಗೆ ವಿಷ ಅಂಟಿಕೊಳ್ಳುತ್ತದೆ. ಇದಕ್ಕೆ ಶಾಸ್ತ್ರದಲ್ಲಿ ಅಧಿಶೋಷಣೆ ಎನ್ನುತ್ತಾರೆ. ಅಂಟಲು ಮೈ ಬೇಕು, ಅಂದರೆ ಜಾಗ ಬೇಕು. ಪಟುಗೊಳಿಸಿದ ಇದ್ದಲಿಯೊಳಗೆ ಕಣ್ಣಿಗೆ ಕಾಣದ ಕೋಟ್ಯಂತರ ತೂತುಗಳಿವೆ. ಆ ತೂತುಗಳ ಗೋಡೆಗಳನ್ನೆಲ್ಲ ಬಿಚ್ಚಿ ಹಾಸಿದರೆ ಒಂದು ಗ್ರಾಂ ಇದ್ದಲಿಗೆ ಸುಮಾರು 1000 ಚದರ ಮೀಟರ್ ಜಾಗ ಆಗುತ್ತದೆ. ರೈತರ ಲೆಕ್ಕದಲ್ಲಿ ಹತ್ತು ಗುಂಟೆ! ನಾಲ್ಕು ಗ್ರಾಂ ಇದ್ದಲಿಯೊಳಗೆ ಒಂದು ಎಕರೆ ಜಮೀನು ಅಡಗಿದೆ ಎಂದರೆ ಯಾರಿಗೆ ಆಶ್ಚರ್ಯವಾಗದು?

ಶೇಂಗಾ ಸಿಪ್ಪಿಯ ಬೆಲೆ

ಬಣ್ಣ, ವಾಸನೆ ಹಿಡಿಯುವುದಕ್ಕೂ ಲೋಹ ಹಿಡಿಯುವುದಕ್ಕೂ ಅಂತರ ಇದೆ. ಸೀಸ, ಕ್ಯಾಡ್ಮಿಯಂ, ನಿಕಲ್ ನೀರಿನಲ್ಲಿ ಧನ ವಿದ್ಯುದಂಶ ಹೊತ್ತುಕೊಂಡು ಓಡಾಡುತ್ತವೆ. ಅವನ್ನು ಹಿಡಿಯಲು ಇದ್ದಲಿಯ ಮೈಮೇಲೆ ಆಮ್ಲಜನಕದ ಕೊಂಡಿಗಳು ಬೇಕು. ಆ ಕೊಂಡಿಗಳನ್ನು ಕೂಡಿಸುವುದೇ ವಿಜ್ಞಾನಿಗಳ ಕಸಬು.

ಈ ಕಸಬಿಗೆ ಬೇಕಾದ ಕಚ್ಚಾ ಮಾಲು ಎಲ್ಲಿದೆ? ನಮ್ಮ ಹೊಲದಲ್ಲಿಯೇ ಇದೆ. ಕೊಯಿಮತ್ತೂರಿನ ಭಾರತಿಯಾರ್ ವಿಶ್ವವಿದ್ಯಾಲಯದ ನಮಸಿವಾಯಂ ಮತ್ತು ಪೆರಿಯಸಾಮಿ ಎಂಬ ಸಂಶೋಧಕರು 1993-94ರ ಸುಮಾರಿಗೆ ಶೇಂಗಾ ಸಿಪ್ಪಿಯನ್ನು ಗಂಧಕಾಮ್ಲದಿಂದ ಇದ್ದಲಿ ಮಾಡಿ, ತೊಳೆದು, ಸೋಡಾ ನೀರಿನಲ್ಲಿ ನೆನೆಸಿ, ಅದರಿಂದ ನೀರಿನಲ್ಲಿಯ ಪಾದರಸ ಮತ್ತು ಕ್ಯಾಡ್ಮಿಯಂ ತೆಗೆದು ತೋರಿಸಿದರು. ಪೇಟೆಯ ತುಟ್ಟಿ ಇದ್ದಲಿಗಿಂತ ಈ ಸಿಪ್ಪಿಯ ಇದ್ದಲಿ ಆ ಲೋಹಗಳನ್ನು ಹಲವು ಪಟ್ಟು ಹೆಚ್ಚು ಹಿಡಿಯಿತು. ಸವದತ್ತಿ, ರಾಮದುರ್ಗದ ಕಡೆ ಶೇಂಗಾ ಬಡಿದ ಮೇಲೆ ನಾವು ಒಲೆಗೆ ಹಾಕುವ ಸಿಪ್ಪಿ ಅದೇ ಅಲ್ಲವೇ?

ರೂರ್ಕಿಯ ವಿಜ್ಞಾನಿಗಳು ಸಕ್ಕರೆ ಕಾರಖಾನೆಯ ಬಾಯ್ಲರಿನಲ್ಲಿ ಕಬ್ಬಿನ ಸಿಪ್ಪೆ ಉರಿದ ಮೇಲೆ ಉಳಿಯುವ ಹಾರುಬೂದಿಯನ್ನು ಹಿಡಿದು, 2003-04ರಲ್ಲಿ ಅದರಿಂದ ಸೀಸ, ಕ್ರೋಮಿಯಂ, ಕ್ಯಾಡ್ಮಿಯಂ, ನಿಕಲ್ ತೆಗೆಯುವ ಪ್ರಯೋಗಗಳನ್ನು ಪ್ರಕಟಿಸಿದರು. ಎಂ.ಕೆ. ಹುಬ್ಬಳ್ಳಿಯ ಮಲಪ್ರಭಾ ಸಹಕಾರಿ ಸಕ್ಕರೆ ಕಾರಖಾನೆಗೆ ಕಬ್ಬು ಹೇರಿದ ನಮ್ಮ ಸದಸ್ಯರಿಗೆ ಆ ಕಪ್ಪು ಬೂದಿಯ ಪರಿಚಯ ಹೇಳಬೇಕಾಗಿಲ್ಲ. ತೆಂಗಿನ ನಾರಿನ ಪುಡಿ, ಭತ್ತದ ಹೊಟ್ಟು ಹೀಗೆ ಕೃಷಿಯ ಕಸವೆಲ್ಲ ಇಂಥ ಪ್ರಯೋಗಕ್ಕೆ ಬಂದಿದೆ. ಆದರೆ ಯಾರೂ ಇದನ್ನು ಓದಿ ಮನೆಯಲ್ಲಿ ಆಮ್ಲ ತಂದು ಪ್ರಯೋಗ ಮಾಡಬಾರದು. ಒಲೆಯ ಇದ್ದಲಿಯನ್ನು ಹರವಿಗೆ ಹಾಕಿದರೆ ಲೋಹ ಹೋಯಿತೆಂದು ತಿಳಿಯಲೂಬಾರದು. ಅದು ಪಟುಗೊಳಿಸಿದ್ದಲ್ಲ.

ಇದ್ದಲಿಗೂ ಮಿತಿ ಐತಿ

ಹೊಗಳಿಕೆ ಮುಗಿಯಿತು, ಇನ್ನು ವ್ಯವಹಾರದ ಮಾತು. ಸಾಲ ಕೊಡುವಾಗ ಜಾಮೀನು ನೋಡುವ ನಾವು ಇದ್ದಲಿಯ ಜಾಮೀನನ್ನೂ ನೋಡಬೇಕು.

ಒಂದು, ಎಲ್ಲ ಲೋಹಕ್ಕೂ ಒಂದೇ ಇದ್ದಲಿ ನಡೆಯುವುದಿಲ್ಲ. ನೀರು ಹುಳಿಯಾಗಿದ್ದರೆ ಸೀಸ ಕಡಿಮೆ ಅಂಟುತ್ತದೆ. ಕ್ರೋಮಿಯಮ್ಮಿನ ವಿಷರೂಪ ಹುಳಿ ನೀರಿನಲ್ಲೇ ಹೆಚ್ಚು ಅಂಟುತ್ತದೆ. ಕಿರದಳ್ಳಿಯ ಆರ್ಸೆನಿಕ್ಕಿಗೆ ಬರೀ ಇದ್ದಲಿ ಸಾಲದು, ಅದಕ್ಕೆ ಕಬ್ಬಿಣದ ಲೇಪ ಬೇಕು. ಆರ್ಸೆನಿಕ್ಕಿಗೆ ಕಬ್ಬಿಣದ ಸಂಯುಕ್ತವನ್ನೇ ಬಳಸಿ ಅಗ್ಗದ ಶೋಧಕ ಮಾಡಿದವರು ಮದ್ರಾಸ್ ಐಐಟಿಯ ಪ್ರೊ. ಟಿ. ಪ್ರದೀಪ್ ಅವರು; 2020ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಫ್ಲೋರೈಡಿಗೆ ಸಾಮಾನ್ಯ ಇದ್ದಲಿ ಏನೂ ಮಾಡಲಾರದು. ಅದಕ್ಕೆ ಎಲುಬಿನ ಇದ್ದಲಿ ಇಲ್ಲವೆ ಪಟುಗೊಳಿಸಿದ ಅಲ್ಯೂಮಿನಾ ಬೇಕು.

ಎರಡು, ಹತ್ತು ಗುಂಟೆ ಜಮೀನು ಎಷ್ಟೇ ದೊಡ್ಡದಿದ್ದರೂ ಬಿತ್ತಿದ ಮೇಲೆ ತುಂಬುತ್ತದೆ. ಇದ್ದಲಿಯ ಮೈ ತುಂಬಿತೆಂದರೆ ಅಂದಿನಿಂದ ವಿಷ ಸೀದಾ ಕೆಳಗೆ ಇಳಿಯುತ್ತದೆ. ಕೆಲವೊಮ್ಮೆ ಮೊದಲು ಹಿಡಿದದ್ದನ್ನೂ ಬಿಟ್ಟುಕೊಡುತ್ತದೆ. ಅದು ತುಂಬಿದ ದಿನ ಯಾರೂ ಬಂದು ಹೇಳುವುದಿಲ್ಲ; ನೀರು ಅಂದೂ ತಿಳಿಯಾಗಿಯೇ ಇರುತ್ತದೆ. ಹಳೇ ಇದ್ದಲಿಯಲ್ಲಿ ಸೂಕ್ಷ್ಮಜೀವಿಗಳೂ ಮನೆ ಮಾಡುತ್ತವೆ.

ಮೂರು, ಲೋಹ ಹಿಡಿದ ಇದ್ದಲಿ ತಾನೇ ವಿಷವಾಗಿರುತ್ತದೆ. ಅದನ್ನು ತಿಪ್ಪೆಗೆ ಹಾಕಿದರೆ ಹೊಲಕ್ಕೆ, ಹೊಲದಿಂದ ಬಾವಿಗೆ, ಬಾವಿಯಿಂದ ತಿರುಗಿ ನಮ್ಮ ಹೊಟ್ಟೆಗೆ. ಸಾಲ ತೀರಿಸದೆ ನವೀಕರಣ ಮಾಡಿದಂತೆ.

ನಮ್ಮ ಘಟಕದಲ್ಲಿಯ ಇದ್ದಲಿ

2013ರ ನಂತರ ಶುದ್ಧ ಕುಡಿಯುವ ನೀರಿನ ಘಟಕಗಳು ನಮ್ಮ ಸೀಮೆಯ ಊರೂರಿಗೆ ಬಂದವು. ಕಾಯಿನ್ ಹಾಕಿದರೆ ಕ್ಯಾನ್ ತುಂಬುತ್ತದೆ. ಆ ಘಟಕದೊಳಗೆ ನಿಂತಿರುವ ಎರಡು ಉದ್ದ ಸಿಲಿಂಡರುಗಳನ್ನು ಎಲ್ಲರೂ ನೋಡಿದ್ದೀರಿ. ಒಂದರಲ್ಲಿ ಉಸುಕು, ಇನ್ನೊಂದರಲ್ಲಿ ಪಟುಗೊಳಿಸಿದ ಇದ್ದಲಿ. ನಮ್ಮ ಅಜ್ಜಿಯರ ಗಡಗಿಗಳೇ ದೊಡ್ಡವಾಗಿ ನಿಂತಂತೆ! ಇವುಗಳಾದ ಮೇಲೆ ಆರ್.ಓ. ಪರದೆ.

ಬಹಳ ಮಂದಿ ಆ ಇದ್ದಲಿಯೇ ಲೋಹವನ್ನು ಹಿಡಿಯುತ್ತದೆ ಎಂದು ತಿಳಿದಿದ್ದಾರೆ. ಅಲ್ಲಿ ಅದನ್ನು ಇಟ್ಟಿರುವುದು ಮುಖ್ಯವಾಗಿ ಕ್ಲೋರಿನ್ ಮತ್ತು ವಾಸನೆ ತೆಗೆಯಲಿಕ್ಕೆ, ಯಾಕೆಂದರೆ ಕ್ಲೋರಿನ್ ತಗುಲಿದರೆ ಪರದೆ ಹಾಳಾಗುತ್ತದೆ. ಕರಗಿದ ಲವಣ, ಫ್ಲೋರೈಡ್, ಲೋಹಗಳನ್ನು ತಡೆಯುವ ಹೊಣೆ ಬಹುತೇಕ ಪರದೆಯದು. ಆದ್ದರಿಂದ ಇದ್ದಲಿ ದಣಿದರೆ ಪರದೆ ಕೆಡುತ್ತದೆ, ಪರದೆ ಕೆಟ್ಟರೆ ಎಲ್ಲವೂ ಕೆಟ್ಟಂತೆ. ಒಂದು ಚೀಲ ಇದ್ದಲಿಯ ಖರ್ಚು ಉಳಿಸಲು ಹೋಗಿ ತುಟ್ಟಿಯ ಪರದೆ ಕಳೆದುಕೊಳ್ಳುವುದು ಯಾವ ಲೆಕ್ಕ? ಪರದೆ ಬೇರ್ಪಡಿಸಿ ಹೊರಗೆ ಬಿಡುವ ನೀರಿನಲ್ಲಿ ಲವಣ ಹೆಚ್ಚಿರುತ್ತದೆ. ಅದನ್ನು ಬಾವಿಯ ಹತ್ತಿರ ಇಂಗಲು ಬಿಡಬಾರದು.

ಸಂಘದ ಮುಂದಿರುವ ಕೆಲಸ

ಗದಗ ತಾಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರಿ ಸಂಘ ಕಟ್ಟಿದಾಗ ರೈತನ ಕೊರಳಿಗಿದ್ದದ್ದು ಸಾಹುಕಾರನ ಬಡ್ಡಿಯ ಉರುಲು. ಒಬ್ಬೊಬ್ಬನಿಂದ ಬಿಡಿಸಿಕೊಳ್ಳಲಾಗದ ಆ ಉರುಲನ್ನು ಹತ್ತು ಜನ ಕೂಡಿ ಬಿಡಿಸಿಕೊಂಡರು. ನೀರಿನ ವಿಷಯವೂ ಹಾಗೆಯೇ. ಒಂದು ಮನೆಯವರು ತಮ್ಮ ನೀರನ್ನು ಲೋಹದ ಪರೀಕ್ಷೆಗೆ ಕಳಿಸಲಿಕ್ಕೆ ಹಿಂದೆ ಮುಂದೆ ನೋಡುತ್ತಾರೆ. ಊರು ಕೂಡಿದರೆ ಅದೇನು ದೊಡ್ಡದು? ಹನಿ ಹನಿ ಕೂಡಿದರ ಹಳ್ಳ, ತೆನಿ ತೆನಿ ಕೂಡಿದರ ಬಳ್ಳ.

ಆದ್ದರಿಂದ ಈ ಬೆಳ್ಳಿ ಹಬ್ಬದ ನೆನಪಿಗಾಗಿ ಸರ್ವಸಾಧಾರಣ ಸಭೆಯ ಮುಂದೆ ನಾವು ನಾಲ್ಕು ಮಾತುಗಳನ್ನು ಇಡುತ್ತೇವೆ.

ಮೊದಲನೆಯದು, ಊರಿನ ಎಲ್ಲ ಬೋರು, ಬಾವಿ ಮತ್ತು ಘಟಕದ ನೀರನ್ನು ವರ್ಷಕ್ಕೆ ಎರಡು ಸಲ, ಮಳೆಗಾಲಕ್ಕೆ ಮುಂಚೆ ಒಮ್ಮೆ, ಆಮೇಲೆ ಒಮ್ಮೆ, ಪರೀಕ್ಷೆಗೆ ಕಳಿಸಬೇಕು. ಪಂಚಾಯಿತಿಯ ಪರೀಕ್ಷಾ ಪೆಟ್ಟಿಗೆಯಲ್ಲಿ ಗಡಸು, ಫ್ಲೋರೈಡ್, ನೈಟ್ರೇಟ್ ಗೊತ್ತಾಗುತ್ತದೆ. ಸೀಸ, ಕ್ಯಾಡ್ಮಿಯಮ್ಮಿಗೆ ದೊಡ್ಡ ಯಂತ್ರವಿರುವ ಪ್ರಯೋಗಾಲಯವೇ ಬೇಕು. ಅದಕ್ಕೆ ಬಾಟಲಿ ಹೇಗೆ ತುಂಬಬೇಕು, ಎಷ್ಟು ಆಮ್ಲ ಹನಿಸಿರಬೇಕು ಎಂಬುದನ್ನು ಪ್ರಯೋಗಾಲಯದವರನ್ನೇ ಕೇಳಿ ತಿಳಿದು ಕಳಿಸಬೇಕು. ಬಂದ ಫಲಿತಾಂಶವನ್ನು ಸಂಘದ ನೋಟೀಸ್ ಬೋರ್ಡಿಗೆ ಕನ್ನಡದಲ್ಲಿ ಬರೆದು ಅಂಟಿಸಬೇಕು. ಆಡಿಟ್ ವರದಿ ಎಲ್ಲರಿಗೂ ತಿಳಿಯುವಂತೆ ನೀರಿನ ವರದಿಯೂ ತಿಳಿಯಲಿ.

ಎರಡನೆಯದು, ಘಟಕಕ್ಕೆ ಒಂದು ವಹಿ ಇಡಬೇಕು. ಇದ್ದಲಿ ಯಾವ ದಿನ ತುಂಬಿದ್ದು, ಎಷ್ಟು ಸಾವಿರ ಲೀಟರ್ ಹರಿದಿದೆ, ಪರದೆ ಯಾವಾಗ ಬದಲಾಯಿತು, ಎಲ್ಲವೂ ಅದರಲ್ಲಿ ಬರೆದಿರಬೇಕು. ಇದ್ದಲಿ ಕೊಳ್ಳುವಾಗ ಅದರ ಅಯೋಡಿನ್ ಸಂಖ್ಯೆ ಎಷ್ಟೆಂದು ಕೇಳಬೇಕು. ಅದು ಇದ್ದಲಿಯ ಕಸುವಿನ ಅಳತೆ. ಬೀಜ ಕೊಳ್ಳುವಾಗ ಮೊಳಕೆಯ ಪ್ರಮಾಣ ಕೇಳುವುದಿಲ್ಲವೇ, ಹಾಗೆ.

ಮೂರನೆಯದು, ಹಳೇ ಬ್ಯಾಟರಿಗಳನ್ನು ಓಣಿಯಲ್ಲಿ ಒಡೆಯದೆ, ಹೊಸದನ್ನು ಕೊಳ್ಳುವ ಅಂಗಡಿಗೇ ತಿರುಗಿ ಕೊಡುವ ರೂಢಿ ಆಗಬೇಕು. ಗಣಪ್ಪ ಮಣ್ಣಿನವನಾಗಿ ಬರಲಿ, ಕುಡಿಯುವ ಬಾವಿಯನ್ನು ಬಿಟ್ಟು ಬೇರೆ ಹೊಂಡಕ್ಕೆ ಹೋಗಲಿ.

ನಾಲ್ಕನೆಯದು, ಪರೀಕ್ಷೆಯಲ್ಲಿ ಯಾವುದೇ ಬೋರಿನಲ್ಲಿ ಲೋಹ ಮಿತಿ ಮೀರಿದ್ದು ಕಂಡರೆ ಶೋಧಕದ ಚೌಕಾಶಿಗೆ ಕೂಡದೆ, ಮೊದಲು ಆ ಬೋರಿಗೆ ಕೆಂಪು ಬಣ್ಣ ಹಚ್ಚಿ ಕುಡಿಯುವುದನ್ನು ನಿಲ್ಲಿಸಬೇಕು. ಹೊಳೆಯ ನೀರೋ ಮಳೆಯ ನೀರೋ ಒಳ್ಳೆಯ ಮೂಲ ಇದ್ದರೆ ಅದೇ ಮೊದಲ ಔಷಧ. ಇದ್ದಲಿ ಎರಡನೆಯದು.

2019ರ ಆಗಸ್ಟಿನ ಮಹಾಪೂರದಲ್ಲಿ ಮಲಪ್ರಭೆ ರಾಮದುರ್ಗದ ಸೀಮೆಯಲ್ಲಿ ದಂಡೆ ಮೀರಿ ಬಂದು ಮನೆ, ಹೊಲ, ಬಾವಿಗಳನ್ನೆಲ್ಲ ತುಂಬಿದ್ದನ್ನು ನಾವು ಕಂಡಿದ್ದೇವೆ. ಆ ನೀರು ಕಣ್ಣಿಗೆ ಕಂಡಿತು, ಆದ್ದರಿಂದ ಜನ ಎದ್ದು ಓಡಿದರು, ಒಬ್ಬರಿಗೊಬ್ಬರು ಕೈ ಕೊಟ್ಟರು. ಕಾಣದೆ ಬರುವ ಲೋಹಕ್ಕೆ ಓಡುವ ಸಪ್ಪಳ ಇರುವುದಿಲ್ಲ. ಅದಕ್ಕೆ ಪರೀಕ್ಷೆಯ ಕಣ್ಣೇ ಬೇಕು, ಆ ಕಣ್ಣಿನ ಖರ್ಚನ್ನು ಸಂಘ ಹೊರಬೇಕು ಎಂಬುದು ನಮ್ಮ ವಿನಂತಿ. ಲಾಭಾಂಶದಲ್ಲಿ ಸ್ವಲ್ಪ ಕಡಿಮೆ ಬಂದರೂ ಸದಸ್ಯರು ಬೇಸರಪಡಲಾರರೆಂದು ನಂಬಿದ್ದೇವೆ.

 ಸುವರ್ಣ ಮಹೋತ್ಸವದ ಸಂಚಿಕೆ ಬರುವ ಹೊತ್ತಿಗೆ ಈ ಊರಿನ ನೀರಿನ ವಹಿಯಲ್ಲಿ ಇಪ್ಪತ್ತೈದು ವರ್ಷದ ಲೆಕ್ಕ ಚೊಕ್ಕವಾಗಿ ಬರೆದಿರಲಿ ಎಂದು ಹಾರೈಸಿ ವಿರಮಿಸುತ್ತೇವೆ.

ಜೈ ಸಹಕಾರ.